ಕೈ ಕಾವಿಗೆ ಕರಗಿದ ಹರಳು

ಅರಸೀಕೆರೆಯ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ, ಫ್ರಿಜ್ಜಿನ ಬಾಗಿಲನ್ನು ಮೊಣಕೈಯಿಂದ ತಡೆದುಕೊಂಡು, ಪೂರ್ವದ ಕಿಟಕಿಗೆ ಮುಖ ಮಾಡಿ ನಾನು ನಿಂತಿದ್ದೆ. ತೊಂಬತ್ತರ ದಶಕದ ಕೊನೆಯ ಕಡೆಯ ಒಂದು ಧನುರ್ಮಾಸದ ಬೆಳಿಗ್ಗೆ. ಹೊರಗೆ ಚೀಟಿ ಕೊಡುವ ಕಿಟಕಿ ಇನ್ನೂ ತೆರೆದಿರಲಿಲ್ಲ. ನನ್ನ ಎಡಕ್ಕೆ ಕೈ ತೊಳೆಯುವ ಸಿಂಕು, ಕಾಲ ಬಳಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ಟು. ಬಲಗೈಯಲ್ಲಿ ಒಂದು ಗಾಜಿನ ಟ್ಯೂಬು. ಅದರಲ್ಲಿದ್ದದ್ದು ಹಗರೆಯ ಜಯಮ್ಮ ಎಂಬ ಹೆಂಗಸಿನ ರಕ್ತದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿ ಕೆಳಗಿಳಿದ ಮೇಲೆ ಉಳಿಯುವ ತಿಳಿ. ಹಿಂದಿನ ಸಂಜೆ ನಾನೇ ತುಂಬಿಟ್ಟದ್ದು. ಇಡುವಾಗ ಅದು ತೆಳು ಹಳದಿಯ ಶುದ್ಧ ತಿಳಿಯಾಗಿತ್ತು. ಈಗ ಟ್ಯೂಬಿನ ತಳದಲ್ಲಿ, ಕಲ್ಲುಸಕ್ಕರೆ ಕುಟ್ಟಿದಾಗ ಒರಳಿನ ಅಂಚಿಗೆ ಅಂಟಿಕೊಳ್ಳುವ ಪುಡಿಯಂಥದ್ದೇನೋ ಬಿದ್ದಿತ್ತು. ಅಲುಗಿಸಿದೆ. ಪುಡಿ ಮೇಲೆದ್ದಿತು. ಒಂದೊಂದು ಕಣವೂ ಬಿಸಿಲಿಗೆ ಬೇರೆ ಬೇರೆಯಾಗಿ ಮಿಂಚಿ, ನಿಧಾನವಾಗಿ ಇಳಿಯಿತು.

ಕೆಟ್ಟ ಸೀರಮ್ ಮಬ್ಬಾಗುತ್ತದೆ, ನಾರುತ್ತದೆ. ಮಿಂಚುವುದಿಲ್ಲ.

ಆ ಹೊತ್ತಿನಲ್ಲಿ ನಾನು ಕಂಡದ್ದು ಇಷ್ಟೇ. ಉಳಿದದ್ದನ್ನು ಆಮೇಲೆ ತಿಳಿದುಕೊಂಡೆ. ಕಂಡದ್ದನ್ನೂ ತಿಳಿದದ್ದನ್ನೂ ಒಂದಕ್ಕೊಂದು ಬೆರೆಸದೆ ಬರೆಯಲು ನೋಡುತ್ತೇನೆ. ಲ್ಯಾಬ್ ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವವರು ಕೆಲವರು ನಮ್ಮ ಮನೆಗೆ ಬಂದು, "ಸರ್, ಆಗೆಲ್ಲ ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗಾಗಿ ಇದು.

ಆಸ್ಪತ್ರೆಯ ಹೆಸರು ಬೇಡ. ಒಂದು ಟ್ರಸ್ಟಿನದು, ಈಗ ಮುಚ್ಚಿದೆ. ನಾನು ಗಂಡಸಿಯವನು. ನಮ್ಮ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಓದಿ ಸರ್ಟಿಫಿಕೇಟು ಪಡೆದ ಮೊದಲನೆಯವನು. ಸೇರಿದಾಗ ಲ್ಯಾಬಿನಲ್ಲಿ ಇದ್ದದ್ದು ಒಂದು ಮೈಕ್ರೋಸ್ಕೋಪು, ಟ್ಯೂಬುಗಳನ್ನು ಗಿರಗಿರನೆ ತಿರುಗಿಸುವ ಒಂದು ಸೆಂಟ್ರಿಫ್ಯೂಜು, ಮೈ ಕಾವಿನಷ್ಟೇ ಬಿಸಿ ಇರುವ ನೀರಿನ ತೊಟ್ಟಿ, ಆ ಹಳೆಯ ಫ್ರಿಜ್ಜು. ರಕ್ತಕಣಗಳನ್ನು ಕಣ್ಣಿನಿಂದ ಎಣಿಸುತ್ತಿದ್ದೆವು. ದ್ರಾವಣವನ್ನು ಬಾಯಿಂದ ಎಳೆದು ಅಳೆಯುತ್ತಿದ್ದೆವು. ಅದು ಎಷ್ಟು ಅಪಾಯದ ಕೆಲಸವೆಂದು ನಮಗೆ ಯಾರೂ ಹೇಳಿರಲಿಲ್ಲ. ಈಗ ಟ್ಯೂಬನ್ನು ಯಂತ್ರಕ್ಕೆ ಕೊಟ್ಟರೆ ಅದೇ ಹೀರಿ, ಅದೇ ಎಣಿಸಿ, ಅದೇ ಅಚ್ಚು ಹಾಕಿ ಕೊಡುತ್ತದೆ. ಒಳ್ಳೆಯದೇ. ಆದರೆ ಯಂತ್ರ ಟ್ಯೂಬನ್ನು ಬಿಸಿಲಿಗೆ ಹಿಡಿದು ನೋಡುವುದಿಲ್ಲ.

ನಮ್ಮ ಮೇಲಿನವರು ಡಾಕ್ಟರ್ ಮಹದೇವಯ್ಯ. ತೆಂಗು ಬೆಳೆಗಾರರ ಮನೆಯವರು, ಹಣೆಯಲ್ಲಿ ವಿಭೂತಿ, ಮಾತು ಖಾರ. ಸೇರಿದ ಹೊಸದರಲ್ಲಿ ನಾನು ಮಲೇರಿಯಾ ಪರೀಕ್ಷೆಗೆಂದು ರಕ್ತ ಸವರಿದ ಗಾಜುಗಳನ್ನು ಒಣಗಲು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಇರುವೆಗಳು ರಕ್ತವನ್ನು ಪೂರ್ತಿ ತಿಂದು ಗಾಜನ್ನು ತೊಳೆದಿಟ್ಟಂತೆ ಮಾಡಿದ್ದವು. ಡಾಕ್ಟರು ಆ ಬರಿ ಗಾಜನ್ನು ಎತ್ತಿ ಹಿಡಿದು, "ಏನ್ರೀ ನಿಂಗರಾಜು, ರೋಗಿಗಳು ಸಾಲ್ದು ಅಂತ ಇರುವೆಗೂ ಮಲೇರಿಯಾ ಹತ್ತಿಸ್ತಾ ಇದ್ದೀರಾ?" ಎಂದರು. ಅಂದೇ ಮೇಜಿನ ನಾಲ್ಕು ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆವು. ಬೈದ ಮೇಲೆ ಮರೆತುಬಿಡುವ ಮನುಷ್ಯ. ಕೊನೆಯವರೆಗೂ ನನಗೆ ಅವರ ಬಗ್ಗೆ ಇದ್ದದ್ದು ಗೌರವವೇ.

ಅವರು ನಮಗೆ ಕಲಿಸಿದ ಒಂದು ನಿಯಮವಿತ್ತು. ಎಲ್ಲ ಲ್ಯಾಬುಗಳೂ ಅದನ್ನೇ ಕಲಿಸುತ್ತಿದ್ದವು. ಹೊರಗೆ ಕಳಿಸುವ ರಕ್ತ ಐಸಿನಲ್ಲೇ ಹೋಗಬೇಕು. ನಮ್ಮಲ್ಲಿ ಆಗದ ಪರೀಕ್ಷೆಗಳಿಗೆ ಬೆಂಗಳೂರಿಗೆ ರೈಲಿನಲ್ಲಿ ಕಳಿಸುತ್ತಿದ್ದೆವು. ಬಸ್ ಸ್ಟ್ಯಾಂಡಿನ ಪಕ್ಕದ ಐಸ್‌ಕ್ಯಾಂಡಿ ಅಂಗಡಿಯಿಂದ ಐಸು ತಂದು, ಕುಟ್ಟಿ, ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ, ಅದರೊಳಗೆ ಟ್ಯೂಬುಗಳನ್ನು ನೆಡುತ್ತಿದ್ದೆ. ಅಂಗಡಿಯ ಸಾಬರು ನನ್ನನ್ನು ಕಂಡೊಡನೆ, "ಬಂದ ನೋಡ್ಲಾ ಕೆಂಪು ಕ್ಯಾಂಡಿಯವನು!" ಎಂದು ಕೂಗುತ್ತಿದ್ದರು. ರಕ್ತವೆಂದರೆ ಹಾಲಿನ ಹಾಗೆ, ಬಿಸಿಗೆ ಕೆಡುತ್ತದೆ, ತಂಪಿಗೆ ಉಳಿಯುತ್ತದೆ. ನಾವು ಪ್ರಶ್ನೆ ಮಾಡದೆ ಪಾಲಿಸುತ್ತಿದ್ದ ಮಾತು ಅದು.

ಜಯಮ್ಮ ಮೊದಲ ಸಲ ಬಂದದ್ದು ನಾನು ಹರಳು ಕಂಡದ್ದಕ್ಕೆ ಹಿಂದಿನ ವರ್ಷದ ಚಳಿಗಾಲದಲ್ಲಿ. ಹಗರೆಯಿಂದ ಹಳೇಬೀಡಿಗೆ ಬಂದು, ಅಲ್ಲಿಂದ ಅರಸೀಕೆರೆಯ ಬಸ್ಸು ಹಿಡಿದು ಬಂದಿದ್ದರು. ಜೊತೆಗೆ ಅತ್ತೆ ಸಣ್ಣಮ್ಮ. ಸಣ್ಣಮ್ಮನ ತವರು ನಮ್ಮ ಗಂಡಸಿ. ಹತ್ತಿರದ ಹಾಸನ ಬಿಟ್ಟು ಇಷ್ಟು ದೂರ ಬರಲು ಅದೇ ಕಾರಣ. "ನಮ್ಮೂರ ಮಗ ಅವ್ನೆ, ಸೂಜಿ ನೋಯ್ದಂಗೆ ಚುಚ್ತಾನೆ" ಎಂದು ಸೊಸೆಗೆ ಧೈರ್ಯ ಹೇಳುತ್ತಾ ಒಳಗೆ ಬಂದರು.

ಜಯಮ್ಮನಿಗೆ ಆಗ ನಲವತ್ತರ ಒಳಗೆ. ಗಂಡ ತೀರಿಕೊಂಡಿದ್ದರು. ಅತ್ತೆ ಸೊಸೆ ಇಬ್ಬರೇ. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವರದು. ಮುಂಜಾನೆ ಜನ ತರುವ ಹಾಲಿಗೆ ಡಿಗ್ರಿ, ಅಂದರೆ ನೀರು ಬೆರೆತದ್ದನ್ನು ತೋರಿಸುವ ಗಾಜಿನ ಕಡ್ಡಿ, ಹಾಕಿ ನೋಡುವುದು, ಕೊಬ್ಬು ಅಳೆಯುವುದು, ಕ್ಯಾನುಗಳನ್ನು ತಣ್ಣೀರಿನಲ್ಲಿ ತೊಳೆಯುವುದು. ನನ್ನ ಮೇಜಿನ ಮೇಲಿದ್ದ ಗಾಜಿನ ಸಾಮಾನನ್ನೆಲ್ಲ ಒಮ್ಮೆ ನೋಡಿ, "ನಿಮ್ದೂ ನಮ್ದೂ ಒಂದೇ ಕಸುಬು ಕಣಣ್ಣ. ನಾನು ಹಾಲಿಗೆ ನೀರು ಬೆರೆಸಿದೋರ್ನ ಹಿಡೀತೀನಿ, ನೀವು ರಕ್ತಕ್ಕೆ ಬೆರೆಸಿದೋರ್ನ ಹಿಡೀತೀರ" ಎಂದು ನಕ್ಕರು. ನಗುತ್ತಲೇ ಕೈ ಚಾಚಿದರು. ಬೆರಳುಗಳು ಮಣಿಕಟ್ಟಿನ ಕಡೆಯಿಂದ ಸರಿಯಾದ ಬಣ್ಣದಲ್ಲೇ ಬಂದು, ತುದಿಯ ಗೆಣ್ಣಿನಲ್ಲಿ ನೇರಳೆಯಾಗಿದ್ದವು.

ಚಳಿ ಬಿದ್ದರೆ ಮೊದಲು ಬೆಳ್ಳಗಾಗುತ್ತವೆ, ಆಮೇಲೆ ನೀಲಿ, ಆಮೇಲೆ ಸೂಜಿಯಲ್ಲಿ ಇರಿದಂಥ ನೋವು. ಬೇಸಿಗೆ ಬಂದರೆ ಏನೂ ಇಲ್ಲ. ಅರಸೀಕೆರೆ ಪಕ್ಕದ ಮಾಲೇಕಲ್ಲಿನ ದೇವರಿಗೆ ಹರಕೆ ಹೊತ್ತು, ಧನುರ್ಮಾಸದ ಮುಂಜಾನೆ ಬರಿಗಾಲಲ್ಲಿ ಬೆಟ್ಟ ಹತ್ತಲು ಹೋಗಿ, ನಡುವೆ ಮೆಟ್ಟಿಲ ಮೇಲೆ ಕುಸಿದು ಕೂತರಂತೆ. ಕಾಲ ಬೆರಳೂ ನೀಲಿಯಾಗಿದ್ದವು. ಮೇಲೆ ಹೋಗುವ ಜನ, "ದೇವ್ರಿಗೆ ಏನೋ ಮಾತು ತಪ್ಪಿರಬೇಕು" ಎಂದುಕೊಂಡೇ ದಾಟಿ ಹೋದರಂತೆ.

ಡಾಕ್ಟರು ಶ್ರದ್ಧೆಯಿಂದಲೇ ನೋಡಿದರು. ಆ ಚಳಿಗಾಲದಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ರಕ್ತವನ್ನು ಬೆಂಗಳೂರಿಗೆ ಕಳಿಸಿದೆವು. ಐಸಿನಲ್ಲಿ. ಎರಡು ಸಲವೂ ಎಲ್ಲ ಸರಿಯಾಗಿದೆ ಎಂದೇ ವರದಿ ಬಂತು. ಡಾಕ್ಟರು ಶಕ್ತಿಯ ಮಾತ್ರೆ, ನಿದ್ದೆಯ ಮಾತ್ರೆ ಬರೆದುಕೊಟ್ಟು, "ರಕ್ತದಲ್ಲಿ ಏನೂ ದೋಷ ಇಲ್ಲಮ್ಮ. ಗಂಡ ಹೋದ ದುಃಖ ಮನಸ್ಸಲ್ಲಿ ಕೂತಿರುತ್ತೆ. ಹಚ್ಕೋಬೇಡಿ" ಎಂದರು.

ಈ ಮಾತು ಹಗರೆಗೆ ಹೋಗಲು ಹೊತ್ತಾಗಲಿಲ್ಲ. ಡೈರಿಯ ಅಧ್ಯಕ್ಷರು ಎಲ್ಲರ ಎದುರು, "ಜಯಮ್ಮಂಗೆ ಚಳಿ ಬಂದ್ರೆ ಕಾಯ್ಲೆ, ಬಿಸ್ಲು ಬಂದ್ರೆ ವಾಸಿ. ಇಂಥ ಕಾಯ್ಲೆ ನಮಗೂ ಬರ್ಲಪ್ಪ, ಹೊದ್ಕಂಡ್ ಮಲಗ್ಬೋದು" ಎಂದರಂತೆ. ಸಂಕ್ರಾಂತಿ ಕಳೆಯಲಿ, ಆ ಕೆಲಸಕ್ಕೆ ಬೇರೆಯವರನ್ನು ಹಾಕೋಣ ಎಂಬ ಮಾತೂ ನಡೆಯಿತು. ಇತ್ತ ಎಡಗೈಯ ಕಿರುಬೆರಳ ತುದಿ ನೀಲಿಯಿಂದ ಕಪ್ಪಿಗೆ ತಿರುಗಿತು. ಕೆಲಸ ಹೋದರೆ ಮನೆ ನಡೆಯುವುದಿಲ್ಲ. ಬೆರಳು ಹೋದರೆ ಕೆಲಸವೇ ಇಲ್ಲ. ಮೂರನೆಯ ಸಲ ಬಂದಾಗ ಜಯಮ್ಮ ನಗಲಿಲ್ಲ. "ಅಣ್ಣ, ನನ್ ಬೆರಳು ಉಳೀತವಾ ಇಲ್ವಾ, ಅಷ್ಟು ಹೇಳ್ಬಿಡಿ. ಸುಳ್ಳಿ ಅಂತ ಬೇಕಾದ್ರೆ ಅನ್ಲಿ" ಎಂದರು.

ಅಂದು ಸಂಜೆ ಅವರಿಗೆ ಕೊನೆಯ ಬಸ್ಸಿನ ಅವಸರವಿತ್ತು. ಸಕ್ಕರೆ ಅಂಶದ ಫಲಿತಾಂಶ ಬೇಗ ಬೇಕೆಂದು ಡಾಕ್ಟರು ಹೇಳಿದ್ದರಿಂದ, ರಕ್ತ ಬೇಗ ಹೆಪ್ಪುಗಟ್ಟಲಿ ಎಂದು ಟ್ಯೂಬನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟೆ. ಬಿಸಿ ಆರುವ ಮೊದಲೇ ಸೆಂಟ್ರಿಫ್ಯೂಜಿಗೆ ಹಾಕಿ ಸೀರಮ್ ಬೇರೆ ಮಾಡಿದೆ. ಉಳಿದ ಸೀರಮನ್ನು ಫ್ರಿಜ್ಜಿನಲ್ಲಿಟ್ಟೆ. ಮೊದಲೆರಡು ಸಲಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಅಷ್ಟೇ, ಅದೂ ಬಸ್ಸಿನ ಅವಸರದಿಂದ ಆದದ್ದು.

ಈಗ ಫ್ರಿಜ್ಜಿನ ಮುಂದಿನ ಆ ಬೆಳಿಗ್ಗೆಗೆ ಬರುತ್ತೇನೆ. ಸೀರಮಿನಲ್ಲಿ ಏನಾದರೂ ತೇಲಿದರೆ ಬಕೆಟ್ಟಿಗೆ ಸುರಿಯುವುದು ವಾಡಿಕೆ. ನಾನು ಸುರಿಯಲಿಲ್ಲ. ಮಿಂಚು ನನ್ನನ್ನು ತಡೆಯಿತು. ಟ್ಯೂಬನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡು, ಜಗಲಿ ದಾಟಿ, ಡಾಕ್ಟರ ಕೋಣೆಗೆ ಹೋದೆ.

"ಸರ್, ಜಯಮ್ಮನ ಸೀರಮಲ್ಲಿ ಹರಳು ಬಿದ್ದಿದೆ."

ಡಾಕ್ಟರು ಕನ್ನಡಕ ಏರಿಸಿ ಟ್ಯೂಬನ್ನು ತೆಗೆದುಕೊಂಡರು. ತಿರುಗಿಸಿದರು. ದೀಪಕ್ಕೆ ಹಿಡಿದರು. "ಎಲ್ರೀ?"

ನಾನು ನೋಡಿದೆ. ಏನೂ ಇರಲಿಲ್ಲ. ತೆಳು ಹಳದಿಯ ಶುದ್ಧ ತಿಳಿ. ತಳದಲ್ಲಿ ಒಂದು ಕಣವೂ ಇಲ್ಲ.

"ಸರ್, ಈಗ ಇತ್ತು."

"ಈಗ ಇತ್ತು, ಈಗ ಇಲ್ಲ. ನಿಂಗರಾಜು, ಹೋಗಿ ಒಂದ್ ಲೋಟ ಸ್ಟ್ರಾಂಗ್ ಕಾಫಿ ಕುಡೀರಿ. ಆಮೇಲೆ ಬಂದು ಹೇಳಿ, ಏನಿತ್ತು ಅಂತ."

ಲ್ಯಾಬಿಗೆ ಬಂದೆ. ನನ್ನ ಕಣ್ಣಿನ ಮೇಲೆ ನನಗೇ ಸಂಶಯ ಬಂದದ್ದು ವೃತ್ತಿಯಲ್ಲಿ ಅದೊಂದೇ ಸಲ. ಕಣ್ಣು ಹೋದರೆ ಲ್ಯಾಬಿನವನಿಗೆ ಇನ್ನೇನು ಉಳಿಯಿತು? ಟ್ಯೂಬನ್ನು ಮತ್ತೆ ಅದೇ ಜಾಗದಲ್ಲಿಟ್ಟು ಬೇರೆ ಕೆಲಸಕ್ಕೆ ಕೂತೆ. ಹೊರರೋಗಿಗಳ ಸಾಲು ಕರಗುವ ಹೊತ್ತಿಗೆ ಫ್ರಿಜ್ಜಿನ ಬಾಗಿಲು ತೆಗೆದು, ಟ್ಯೂಬನ್ನು ಮುಟ್ಟದೆ, ಬಗ್ಗಿ ನೋಡಿದೆ. ಹರಳುಗಳು ಮತ್ತೆ ಬಂದಿದ್ದವು.

ಈ ಸಲ ಹರಳನ್ನು ಡಾಕ್ಟರ ಬಳಿಗೆ ಒಯ್ಯಲಿಲ್ಲ, ಡಾಕ್ಟರನ್ನೇ ಹರಳಿನ ಬಳಿಗೆ ಕರೆತಂದೆ. ಅವರು ಬಗ್ಗಿ ನೋಡಿದರು. ಐಸಿನ ಮೇಲೆ ತಣ್ಣಗೆ ಮಾಡಿದ ಗಾಜಿನ ಮೇಲೆ ಒಂದು ಹನಿ ಹಾಕಿ ಮೈಕ್ರೋಸ್ಕೋಪಿಗೆ ಇಟ್ಟೆವು. ಚಪ್ಪಟೆಯಾದ ಉದ್ದನೆಯ ತುಂಡುಗಳು. ಅಂಚುಗಳು ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಎಲ್ಲದರ ತುದಿಯೂ ಒಂದೇ ಕೋನದಲ್ಲಿ ಕತ್ತರಿಸಿದಂತೆ. ಮನುಷ್ಯರ ಮೈಯಿಂದ ಬಂದ ಯಾವುದೂ ಅಷ್ಟು ನೇರವಾಗಿ ಇರುವುದನ್ನು ನಾನು ಕಂಡಿರಲಿಲ್ಲ. ಡಾಕ್ಟರು ನೋಡುತ್ತಿದ್ದಂತೆಯೇ ದೀಪದ ಶಾಖಕ್ಕೆ ಮೂಲೆಗಳು ದುಂಡಗಾದವು, ತುಂಡುಗಳು ಸಣ್ಣದಾದವು, ಇಲ್ಲವಾದವು.

ಅವರು ಕಣ್ಣು ತೆಗೆದು, "ಆ ಹೆಣ್ಣುಮಗಳಿಗೆ ಮನಸ್ಸಿನ ಕಾಯಿಲೆ ಅಂದ್ನಲ್ರೀ ನಾನು" ಎಂದರು. ಹೋಗಿ ದಪ್ಪ ಪುಸ್ತಕವೊಂದನ್ನು ಧೂಳು ಕೊಡವಿ ತಂದರು. ಓದಿ ನನಗೆ ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ರೋಗಗಳ ಜೊತೆ ಹೊಡೆದಾಡಲು ನಮ್ಮ ದೇಹ ಪ್ರತಿಕಾಯ ಎಂಬ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತದೆ. ಸಾವಿರಾರು ಬಗೆ, ಒಂದೊಂದೂ ಸ್ವಲ್ಪ ಸ್ವಲ್ಪ. ಕೆಲವೇ ಕೆಲವರಲ್ಲಿ ಒಂದೇ ಬಗೆಯದು ಹದ್ದುಮೀರಿ ಉತ್ಪತ್ತಿಯಾಗುತ್ತದೆ. ಅದರಲ್ಲೂ ತೀರ ಅಪರೂಪಕ್ಕೆ, ಆ ಒಂದು ಬಗೆ ತಣ್ಣಗಾದರೆ ಹರಳುಗಟ್ಟುತ್ತದೆ, ಬಿಸಿಯಾದರೆ ಕರಗುತ್ತದೆ. ಚಳಿಯಲ್ಲಿ ಜಯಮ್ಮನ ಬೆರಳ ತುದಿಯ ಸಣ್ಣ ರಕ್ತನಾಳಗಳಲ್ಲಿ ಆಗುತ್ತಿದ್ದದ್ದು ನಮ್ಮ ಫ್ರಿಜ್ಜಿನಲ್ಲಿ ಆದದ್ದೇ.

ಹಾಗಾದರೆ ಎರಡು ಸಲ ಬೆಂಗಳೂರಿನವರಿಗೆ ಏಕೆ ಸಿಗಲಿಲ್ಲ? ನಾವು ಐಸಿನಲ್ಲಿ ಕಳಿಸಿದ್ದೆವಲ್ಲ. ದಾರಿಯಲ್ಲೇ ಅದು ಹರಳಾಗಿ ಹೆಪ್ಪಿನ ಜೊತೆ ತಳ ಸೇರಿತ್ತು. ಅಲ್ಲಿಯವರು ಹೆಪ್ಪನ್ನು ಎಸೆದು ಮೇಲಿನ ತಿಳಿಯನ್ನು ಪರೀಕ್ಷಿಸಿದ್ದರು. ಕೆಡದಿರಲಿ ಎಂದು ಇಟ್ಟ ಐಸೇ ರೋಗವನ್ನು ಬಚ್ಚಿಟ್ಟಿತ್ತು. ಅಲ್ಲಿ ಯಾರೂ ನಿಯಮ ಮುರಿದಿರಲಿಲ್ಲ. ಎಲ್ಲರೂ ಪಾಲಿಸಿದ್ದರು, ಅದರಿಂದಲೇ ಹೀಗಾಯಿತು.

ಡಾಕ್ಟರು ಹೇಳಿಕಳಿಸಿದ ಮೇಲೆ ಅತ್ತೆ ಸೊಸೆ ಬಂದರು. ಲ್ಯಾಬಿನಲ್ಲಿ ನಾವು ನಾಲ್ವರೇ ಇದ್ದೆವು. ಫ್ರಿಜ್ಜಿನಿಂದ ಟ್ಯೂಬನ್ನು ಚಿಮಟದಲ್ಲಿ ತೆಗೆದು ಮೊದಲು ಸಣ್ಣಮ್ಮನಿಗೆ ಕೊಟ್ಟೆ. ಅವರು ಅಂಗೈಯಲ್ಲಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಹರಳು ಕರಗಿ ತಿಳಿಯಾಗಿತ್ತು.

"ಎಲ್ಲೋಯ್ತು? ನನ್ ಕೈಲಿ ಏನೂ ಇಲ್ವಲ್ಲಪ್ಪ!"

ಇನ್ನೊಂದು ಟ್ಯೂಬು ಇತ್ತು. ಅದನ್ನು ಜಯಮ್ಮನಿಗೆ ಕೊಟ್ಟೆ. ದಿನವೂ ಗಾಜು ಹಿಡಿಯುವವರು, ಬೆರಳ ತುದಿಗಳ ನಡುವೆ ನೇರವಾಗಿ ಹಿಡಿದುಕೊಂಡರು. ಅತ್ತೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿದರು. ಕಿಟಕಿಯ ಬಿಸಿಲಿಗೆ ಎತ್ತಿದರು. ಹರಳುಗಳು ಹಾಗೆಯೇ ಇದ್ದವು. ಮಿಂಚುತ್ತಿದ್ದವು. ಅವರ ಬೆರಳುಗಳಲ್ಲಿ ಒಂದು ಹರಳನ್ನು ಕರಗಿಸುವಷ್ಟು ಕಾವು ಇರಲಿಲ್ಲ.

ಜಯಮ್ಮ ಟ್ಯೂಬನ್ನು ಕೆಳಗಿಳಿಸದೆ, "ಇದು ನನ್ ಒಳಗೈತಾ ಅಣ್ಣ?" ಎಂದರು.

"ಹೂಂ."

"ಅಂದ್ರೆ ಸುಳ್ಳಲ್ಲ."

"ಸುಳ್ಳಲ್ಲಮ್ಮ" ಎಂದವರು ಡಾಕ್ಟರು. "ತಪ್ಪು ನಂದು."

ಸಣ್ಣಮ್ಮ ಟ್ಯೂಬನ್ನು ಸೊಸೆಯ ಕೈಯಿಂದ ಕಿತ್ತು ನನ್ನ ಮೇಜಿನ ಮೇಲಿಟ್ಟು, ಆ ಎರಡು ಕೈಗಳನ್ನು ತಮ್ಮ ಕಂಕುಳಿಗೆ ಸಿಕ್ಕಿಸಿಕೊಂಡರು. ಹಾಗೆಯೇ ನಿಂತು ಅತ್ತರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರ ಸಹಪಾಠಿಯೊಬ್ಬರು ಇದ್ದರು. ಅವರು ಫೋನಿನಲ್ಲಿ, ರಕ್ತವನ್ನು ಮೈ ಕಾವಿನಲ್ಲೇ ತಲುಪಿಸಿದರೆ ತಾವೇ ಖಚಿತಪಡಿಸಿ ಹಾಸಿಗೆ ಕೊಡಿಸುವುದಾಗಿ ಹೇಳಿದರು. ಆ ಚಳಿಯಲ್ಲಿ ಜಯಮ್ಮನನ್ನು ಮುಂಜಾನೆಯ ರೈಲಿಗೆ ಹತ್ತಿಸುವಂತಿರಲಿಲ್ಲ. ನಾನು ಹೊರಟೆ. ಡಾಕ್ಟರ ಮುಂದೆ ಕೈಮುಗಿದು ಕೇಳುವವರು ಮನೆಯವರೇ ಇರಬೇಕು ಎಂದು ಸಣ್ಣಮ್ಮನೂ ಹೊರಟರು. ಹೊರಡುವ ಮೊದಲು, ನಮ್ಮ ವಾರ್ಡಿನಲ್ಲೇ ಬೆಚ್ಚಗೆ ಉಳಿಸಿಕೊಂಡಿದ್ದ ಜಯಮ್ಮನ ರಕ್ತ ತೆಗೆದು, ವರ್ಷಗಟ್ಟಲೆ ಐಸು ತುಂಬಿದ ಅದೇ ಫ್ಲಾಸ್ಕಿಗೆ ಬಿಸಿನೀರು ತುಂಬಿ, ಟ್ಯೂಬುಗಳನ್ನು ಅದರಲ್ಲಿಟ್ಟೆ.

ತಿಪಟೂರಿನಲ್ಲಿ ಜನ ನುಗ್ಗಿದರು. ಯಾರದೋ ಟ್ರಂಕು ಫ್ಲಾಸ್ಕಿಗೆ ಬಡಿಯಿತು. ಒಳಗಿನ ಗಾಜು ಪುಡಿಯಾದ ಸದ್ದು ಕೇಳಿತು. ನೀರು ನನ್ನ ಕಾಲ ಮೇಲೆ ಹರಿಯಿತು. ಟ್ಯೂಬುಗಳು ಮಾತ್ರ ಒಡೆದಿರಲಿಲ್ಲ. ಕಿಟಕಿಯ ಶಟರು ಅರ್ಧಕ್ಕೇ ನಿಂತು ಚಳಿಗಾಳಿ ಬೀಸುತ್ತಿತ್ತು. ನಾನು ಟ್ಯೂಬುಗಳನ್ನು ಎರಡು ಅಂಗೈಗಳ ನಡುವೆ ಹಿಡಿದು ಏನು ಮಾಡಲೂ ತೋಚದೆ ಕೂತೆ. ನನ್ನ ಕೈಯೇ ತಣ್ಣಗಾಗಿತ್ತು.

"ಮೈ ಕಾವು ಬೇಕು ಅಂದ್ಯಲ್ಲಪ್ಪ" ಎಂದರು ಸಣ್ಣಮ್ಮ.

"ಹೂಂ ಅಜ್ಜಿ. ಅದಕ್ಕಿಂತ ಕಮ್ಮಿ ಆಗಬಾರ್ದು."

"ಮತ್ತೆ ನಂದೇನು ಹೆಣವಾ? ಕೊಡಿಲ್ಲಿ." ಟ್ಯೂಬುಗಳನ್ನು ಕರವಸ್ತ್ರದಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡು, ಮೇಲೆ ಸೆರಗು, ಅದರ ಮೇಲೆ ಕಂಬಳಿ ಹೊದ್ದು, ತೋಳನ್ನು ಪಕ್ಕೆಗೆ ಒತ್ತಿ ಕೂತರು. ಎದುರಿನ ಸೀಟಿನ ಹೆಂಗಸು, "ಕೈಗೆ ಏನಾಯ್ತಜ್ಜಿ?" ಎಂದು ಕೇಳಿದಳು.

"ಕಾವು ಕೂತಿವ್ನಿ ಕಣವ್ವ. ಬೆಂಗಳೂರಿಗೆ ಹೋಗಂಗಂಟ ಏಳಂಗಿಲ್ಲ."

"ಎಷ್ಟು ಮೊಟ್ಟೆ?"

"ಹತ್ತು" ಎಂದರು ಸಣ್ಣಮ್ಮ. "ನನ್ ಸೊಸೆ ಬೆರಳು."

ಅವಳು ನಗಲು ಹೋಗಿ, ನನ್ನ ಮುಖ ನೋಡಿ ತಡೆದುಕೊಂಡಳು. ಸಣ್ಣಮ್ಮ ಆಮೇಲೆ ವಡೆ ತಿನ್ನಲಿಲ್ಲ, ಕಾಫಿ ಕುಡಿಯಲಿಲ್ಲ. ಎಲೆಯಡಿಕೆಯ ಚೀಲವನ್ನೂ ಬಿಚ್ಚಲಿಲ್ಲ.

ಬೆಂಗಳೂರಿನ ಆಸ್ಪತ್ರೆಯ ಲ್ಯಾಬಿನ ಬಾಗಿಲಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವವನು ಐಸಿನ ತಟ್ಟೆಯನ್ನು ಮುಂದೆ ತಳ್ಳಿ, "ಇದರಲ್ಲಿ ಇಡಿ, ರೂಲ್ಸು" ಎಂದ. ಸಣ್ಣಮ್ಮ ತೋಳು ಬಿಗಿ ಮಾಡಿದರು. "ನಿನ್ ರೂಲ್ಸು ನೀನಿಟ್ಕ. ಎರಡ್ ದಪ ಐಸಿಗೆ ಹಾಕಿ ನನ್ ಸೊಸೇನ ಸುಳ್ಳಿ ಮಾಡಿದ್ರಿ. ಬಿಸಿನೀರು ತರಂಗಂಟ ತೋಳು ಎತ್ತಾಕಿಲ್ಲ."

ಗಲಾಟೆ ಕೇಳಿ ಒಳಗಿಂದ ಒಬ್ಬ ಯುವತಿ ಬಂದರು. ಹೆಸರು ಪದ್ಮಿನಿ. ಸಂಶೋಧನಾ ಸಂಸ್ಥೆಯೊಂದರಲ್ಲಿ ಪ್ರೋಟೀನುಗಳ ಆಕಾರ ಕಂಡುಹಿಡಿಯುವವರು. ಡಾಕ್ಟರ ಸಹಪಾಠಿಯಿಂದ ವಿಷಯ ಕೇಳಿ ನಮಗಾಗಿಯೇ ಕಾಯುತ್ತಿದ್ದರು. ಬಿಸಿನೀರಿನ ಪಾತ್ರೆ ಅವರ ಕೈಯಲ್ಲೇ ಇತ್ತು. "ಕೊಡಿ ಅಜ್ಜಿ, ಬಿಸಿ ಇದೆ, ನೀವೇ ಬೆರಳಿಟ್ಟು ನೋಡಿ" ಎಂದರು. ಸಣ್ಣಮ್ಮ ಬೆರಳು ಅದ್ದಿ ನೋಡಿದ ಮೇಲೆಯೇ ಕೊಟ್ಟರು.

ರೋಗ ಖಚಿತವಾಯಿತು. ಹಾಸಿಗೆ ಸಿಕ್ಕಿತು. ಡಾಕ್ಟರ್ ಮಹದೇವಯ್ಯ ಜಯಮ್ಮನನ್ನು ಕಂಬಳಿಯಲ್ಲಿ ಸುತ್ತಿ ಬಾಡಿಗೆ ಕಾರಿನಲ್ಲಿ ಕರೆತಂದರು. ರಕ್ತವನ್ನು ಹೊರಗೆಳೆದು, ತಿರುಗಿಸಿ, ಆ ಪ್ರೋಟೀನಿರುವ ತಿಳಿಯನ್ನು ಬೇರ್ಪಡಿಸಿ, ಕಣಗಳನ್ನು ಮರಳಿ ಮೈಗೆ ಕೊಡುವ ಯಂತ್ರ ಅಲ್ಲಿತ್ತು. ಜಯಮ್ಮ ಅದನ್ನು ನೋಡಿ, "ಹಾಲಿಂದ ಕೆನೆ ತೆಗೆಯೋ ಮಿಷನ್ನೇ ಕಣಣ್ಣ ಇದು" ಎಂದರು. ಜೊತೆಗೆ ಮಾತ್ರೆಗಳು. ಅಲ್ಲಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಬೆರಳುಗಳು ಉಳಿಯಬಹುದು, ಆದರೆ ಮನುಷ್ಯೆಗೆ ಕೆಲವೇ ವರ್ಷ ಎಂದು ತಿಳಿಸಿದರು. ನಾನು ಅದನ್ನು ಡಾಕ್ಟರ್ ಮಹದೇವಯ್ಯನವರಿಗೆ ಮಾತ್ರ ಹೇಳಿದೆ. ಜಯಮ್ಮನೇ ಆಮೇಲೆ ಅವರನ್ನು ಕೇಳಿ ತಿಳಿದುಕೊಂಡರಂತೆ.

ಯಂತ್ರ ಬೇರ್ಪಡಿಸಿದ ತಿಳಿಯನ್ನು ಎಸೆಯುತ್ತಾರೆ. ಪದ್ಮಿನಿ ಅದನ್ನು ಕೇಳಲು ಬಂದರು. ಜಯಮ್ಮ ನೇರವಾಗಿ, "ಇದ್ರಿಂದ ನನ್ ಬೆರಳಿಗೆ ಏನಾರ ಉಪಯೋಗ ಐತಾ ಮೇಡಂ?" ಎಂದು ಕೇಳಿದರು.

"ಇಲ್ಲ ಜಯಮ್ಮ ಅವ್ರೇ. ನಿಮಗೆ ಇಲ್ಲ. ಮುಂದೆ ಯಾರಿಗಾದ್ರೂ ಆಗ್ಬೋದು. ಅದೂ ಗ್ಯಾರಂಟಿ ಇಲ್ಲ."

"ಗ್ಯಾರಂಟಿ ಐತೆ ಅಂದಿದ್ರೆ ಕೊಡ್ತಿರ್ಲಿಲ್ಲ. ಡೈರೀಲಿ ನೀರು ಬೆರೆಸಿದೋರ ಬಾಯಲ್ಲಿ ದಿನಾ ಕೇಳ್ತೀನಿ ಅಂಥ ಮಾತ. ಚೆಲ್ಲೋದು ತಾನೆ, ತಗಳಿ."

ಪದ್ಮಿನಿ ನನಗೆ ಹೇಳಿದ್ದರು: "ಸರ್, ಒಂದು ಪ್ರೋಟೀನ್ ಹರಳಾಗ್ಲಿ ಅಂತ ನಾವು ವರ್ಷಗಟ್ಟಲೆ ಒದ್ದಾಡ್ತೀವಿ. ಉಪ್ಪು ಹಾಕಿ, ಆ್ಯಸಿಡ್ ಹಾಕಿ, ಬೇಡ್ಕೊಂಡು. ನಿಮ್ಮ ಫ್ರಿಜ್ಜಲ್ಲಿ ಅದಾಗೇ ಆಗಿದೆ." ಒಮ್ಮೆ ತಮ್ಮ ಪ್ರಯೋಗಾಲಯಕ್ಕೂ ಕರೆದೊಯ್ದರು. ಸ್ವೆಟರ್ ಹಾಕಿಕೊಂಡು ಹೋಗಬೇಕಾದ ತಣ್ಣನೆಯ ಕೋಣೆ. ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಜಯಮ್ಮನ ಒಂದು ಹರಳು. ಅದರ ಮೂಲಕ ಎಕ್ಸ್-ರೇ ಹಾಯಿಸಿದರೆ ಹಾಳೆಯ ಮೇಲೆ ಸಾಲುಸಾಲಾಗಿ ಕಪ್ಪು ಚುಕ್ಕಿಗಳು ಬೀಳುತ್ತವೆ. ಆ ಚುಕ್ಕಿಗಳ ಸ್ಥಾನದಿಂದ, ಗಾಢತೆಯಿಂದ ಲೆಕ್ಕ ಹಾಕಿ ಒಳಗಿನ ಆಕಾರವನ್ನು ಕಂಡುಕೊಳ್ಳುತ್ತಾರೆ. ನಮ್ಮ ಹೆಣ್ಣುಮಕ್ಕಳು ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತಾರಲ್ಲ, ಹಾಗೆ. ಇಲ್ಲಿ ಚುಕ್ಕಿ ಮಾತ್ರ ಕಾಣುತ್ತದೆ, ಎಳೆಯನ್ನು ಊಹಿಸಬೇಕು. ನನಗೆ ಅರ್ಥವಾದದ್ದು ಅಷ್ಟೇ.

ಎಡಗೈಯ ಕಿರುಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲೇ ತೆಗೆದರು. ಉಳಿದವುಗಳ ಬಣ್ಣ ನಿಧಾನವಾಗಿ ಮರಳಿತು. ಸಂಕ್ರಾಂತಿ ಕಳೆದಿತ್ತು, ಡೈರಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದು ಮುಂಜಾನೆ ಡಾಕ್ಟರ್ ಮಹದೇವಯ್ಯ ನನ್ನನ್ನು ಕೂರಿಸಿಕೊಂಡು ತಮ್ಮ ಸ್ಕೂಟರಿನಲ್ಲಿ ಹಗರೆಗೆ ಹೋದರು. ಹಾಲು ಹಾಕುವ ಸಾಲು ನಿಂತಿತ್ತು. ಅಧ್ಯಕ್ಷರು ಕುರ್ಚಿ ತರಿಸಿದರೂ ಅವರು ಕೂರಲಿಲ್ಲ.

"ಜಯಮ್ಮನಿಗೆ ಕಾಯಿಲೆ ಇಲ್ಲ ಅಂತ ಹೇಳಿದ್ದು ನಾನು. ಆ ಮಾತು ತಪ್ಪು. ಕಾಯಿಲೆ ಇತ್ತು, ನಮಗೆ ಕಾಣ್ಲಿಲ್ಲ. ಅದನ್ನ ನಿಮ್ಮೆಲ್ಲರ ಮುಂದೆ ಹೇಳೋಕೆ ಬಂದೆ."

ಸಾಲಿನಲ್ಲಿದ್ದ ಮುದುಕರೊಬ್ಬರು, "ಡಾಕ್ಟ್ರೇ ತಪ್ಪೊಪ್ಕಂಡ್ರೆ 'ದ್ಯಕ್ಷರು ಯಾವಾಗ ಒಪ್ಕಳದು?" ಎಂದರು. ಸಾಲಿಗೆ ಸಾಲೇ ನಕ್ಕಿತು. ಅಧ್ಯಕ್ಷರೂ ಪೆಚ್ಚಾಗಿ ನಕ್ಕರು. ಕ್ಯಾನು ತೊಳೆಯಲು ಬೇರೆಯವರು, ಹಾಲು ನೋಡಲು ಜಯಮ್ಮನೇ ಎಂದು ಅಲ್ಲೇ ತೀರ್ಮಾನವಾಯಿತು. ಚಳಿಗಾಲಕ್ಕೆಂದು ಒಂದು ಇದ್ದಿಲ ಒಲೆಯನ್ನೂ ಇಡಿಸಿಕೊಟ್ಟರು. ನಮ್ಮ ಲ್ಯಾಬಿನಲ್ಲಿ ಐಸಿನ ಫ್ಲಾಸ್ಕಿನ ಪಕ್ಕ ಬಿಸಿನೀರಿನದೊಂದು ಸೇರಿತು. ಹೊಸದಾಗಿ ಸೇರುವವರಿಗೆ ನಾನು ಹೇಳುವುದೂ ಅದೇ. ಸ್ಯಾಂಪಲ್ ಕಳಿಸುವ ಮೊದಲು, ಎಷ್ಟು ತಣ್ಣಗಿರಬೇಕು ಎಂದು ಕೇಳಬೇಡಿ. ತಣ್ಣಗಿರಬೇಕೋ ಎಂದು ಕೇಳಿ.

ಹೊಸ ಶತಮಾನ ಬಂದು ಕೆಲವು ವರ್ಷವಾದ ಮೇಲೆ ಪದ್ಮಿನಿ ಒಂದು ಬಣ್ಣದ ಚಿತ್ರ ಹಿಡಿದುಕೊಂಡು ಅರಸೀಕೆರೆಯಲ್ಲಿ ಇಳಿದರು. ಪ್ರೋಟೀನಿನ ಆಕಾರ ಸಿಕ್ಕಿತ್ತು. ಅವರೂ ನಾನೂ ಹಗರೆಗೆ ಹೋಗುವಾಗ ದಾರಿಯಲ್ಲಿ ಹಳೇಬೀಡಿನಲ್ಲಿ ಬಸ್ಸು ಬದಲಿಸಿದೆವು. ಬಸ್ಸು ತಡವಾದ್ದರಿಂದ ಗುಡಿಯೊಳಗೂ ಹೋಗಿ ಬಂದೆವು. ಒಂದು ಮೂಲೆಯಲ್ಲಿ ಕಲ್ಲು ಸರಿದು, ಗಾರೆಯಿಲ್ಲದೆ ಒಂದರ ಗೂಟ ಇನ್ನೊಂದರ ಗುಳಿಯಲ್ಲಿ ಕೂತಿರುವುದು ಕಾಣುತ್ತಿತ್ತು. ಪದ್ಮಿನಿ ಅಲ್ಲೇ ಬಗ್ಗಿ ನಿಂತುಬಿಟ್ಟರು. "ಇದನ್ನೇ ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಯೋಚಿಸ್ತಿದ್ದೆ ಸರ್" ಎಂದರು.

ಹಗರೆಯ ಮನೆಯ ಜಗಲಿಯಲ್ಲಿ ಚಿತ್ರ ಬಿಚ್ಚಿದರು. ಕವಲೊಡೆದ ಕೊಂಬೆಯಂಥ ಆಕಾರ, ಎರಡು ತೋಳು. ಸಣ್ಣಮ್ಮ ಬಲು ಹೊತ್ತು ನೋಡಿ, "ಚೆಂದಾಗೈತೆ. ಬೆರಳು ತಿಂದಿದ್ದು ಇದೇಯಾ? ಬಾಯೆಲ್ಲೈತೆ ತಾಯಿ ಇದಕ್ಕೆ?" ಎಂದರು.

ಪದ್ಮಿನಿ ತೋಳಿನ ತುದಿಯ ಒಂದು ಸಣ್ಣ ಉಬ್ಬನ್ನು ತೋರಿಸಿದರು. "ಇಲ್ಲಿ ಅಜ್ಜಿ. ಬೇರೆಯವರ ಪ್ರತಿಕಾಯದಲ್ಲಿ ಈ ಉಬ್ಬು ಹೀಗಿರಲ್ಲ. ಚಳಿಯಾದಾಗ ಇದು ಪಕ್ಕದ್ದರ ಗುಳಿಯಲ್ಲಿ ಹೋಗಿ ಕೂರುತ್ತೆ. ಅದರದ್ದು ಅದರ ಪಕ್ಕದ್ದರಲ್ಲಿ. ಗುಡಿ ಕಲ್ಲಿನ ಥರ. ಬಿಸಿಯಾದ್ರೆ ಬಿಟ್ಕೊಳ್ಳುತ್ತೆ."

ಜಯಮ್ಮ ಎಡಗೈಯ ಉಂಗುರ ಬೆರಳನ್ನು ಆ ಉಬ್ಬಿನ ಮೇಲೆ ಇಟ್ಟರು. ಅದರ ಪಕ್ಕ ಕಿರುಬೆರಳಿದ್ದ ಜಾಗ ಬರಿದಾಗಿತ್ತು. "ಇಷ್ಟಕ್ಕಾ" ಎಂದರು. ಕೋಪವಿರಲಿಲ್ಲ. ಹಾಲಿನಲ್ಲಿ ನೀರು ಎಷ್ಟೆಂದು ಗೊತ್ತಾದ ಮೇಲೆ ಹೇಳುವ ದನಿ ಅದು.

ನಾನು ಹೇಳಬೇಕಾದದ್ದು ಮುಗಿಯಿತು. ಜಯಮ್ಮನ ಬೆರಳಲ್ಲಿ ಕರಗದೆ ನಿಂತ ಆ ಹರಳನ್ನು ನಮ್ಮ ಲ್ಯಾಬಿನಲ್ಲಿ ಕಂಡವರು ನಾಲ್ವರು. ಡಾಕ್ಟರ್ ಮಹದೇವಯ್ಯ ಹೃದಯಾಘಾತದಿಂದ ಹೋದರು. ಕೆಲವೇ ವರ್ಷ ಎಂದಿದ್ದ ಬೆಂಗಳೂರಿನ ಡಾಕ್ಟರೂ ಈಗಿಲ್ಲ. ಸಣ್ಣಮ್ಮ ತುಂಬು ವಯಸ್ಸಿನಲ್ಲಿ, ಸೊಸೆಯ ಕೈ ಹಿಡಿದುಕೊಂಡೇ ತೀರಿಕೊಂಡರು. "ಕೊನೆಗೆ ಅವ್ರ ಕೈ ತಣ್ಣಗಾಯ್ತು ಅಣ್ಣ, ನಂದು ಬೆಚ್ಚಗಿತ್ತು" ಎಂದು ಜಯಮ್ಮ ನನಗೆ ಹೇಳಿದರು. ಅಂಥದೇ ಹರಳನ್ನು ಬೆಂಗಳೂರಿನಲ್ಲಿ ಕಂಡ ಪದ್ಮಿನಿ ಇದ್ದಾರೆ, ದೂರದ ಊರಿನಲ್ಲಿ ಪಾಠ ಮಾಡುತ್ತಾರೆ. ನಾನು ಇದ್ದೇನೆ.

ಮತ್ತೆ ಜಯಮ್ಮ ಇದ್ದಾರೆ. ಇವತ್ತಿಗೂ ಮಾತ್ರೆ ನುಂಗುತ್ತಾ, ಹಗರೆಯಲ್ಲಿ, ಒಂಬತ್ತು ಬೆರಳಿನೊಂದಿಗೆ. ಸಂಶಯವಿದ್ದವರು ಹೋಗಿ ಕೇಳಬಹುದು. ಚಳಿಗಾಲದಲ್ಲಿ ಹೋಗುವವರು ಬಾಗಿಲ ಹೊರಗೇ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಒಳಗೆ ಹೋಗಿ. ಅವರು ಮೊದಲು ಬಂದವರ ಕೈ ಹಿಡಿದು ನೋಡುತ್ತಾರೆ, ಆಮೇಲೆಯೇ ಮಾತು.